ಗೋಡೆಯ ಬಿರುಕು, ನೆಲದ ಮಾತು

'ಭದ್ರವಾದ ಬುನಾದಿ' ಎಂಬ ಮಾತು ಸಭೆ ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿಬರುತ್ತದೆಂಬುದನ್ನು ನಾವೆಲ್ಲರೂ ಬಲ್ಲೆವು. ವಿದ್ಯೆಗೆ ಬುನಾದಿ, ಸಂಸಾರಕ್ಕೆ ಬುನಾದಿ, ರಾಷ್ಟ್ರಕ್ಕೆ ಬುನಾದಿ. ಹೀಗೆ ಎಲ್ಲಕ್ಕೂ ಮಾತಿನಲ್ಲಿ ಬುನಾದಿಯನ್ನು ಹಾಕಿದ್ದೇವೆ. ಆದರೆ ಕಲ್ಲು ಗಾರೆಗಳಿಂದ ಕಟ್ಟಿ ನೆಲದೊಳಗೆ ಹುದುಗಿಸಿದ ನಿಜವಾದ ಬುನಾದಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಕಡಮೆ. ಅದು ಕಾಣದಿರುವುದೇ ಅದರ ಗುಣ. ಅದಕ್ಕೆ ಕೇಡು ಬಂದಾಗಲೂ ಅದು ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ತನ್ನ ಕಷ್ಟವನ್ನು ಮೇಲಿನ ಗೋಡೆಯ ಮುಖಾಂತರ, ಬಾಗಿಲಿನ ಮುಖಾಂತರ ಹೇಳಿಕಳಿಸುತ್ತದೆ. ಆ ಮಾತನ್ನು ಓದುವ ಬಗೆ ಯಾವುದು, ಓದಿದ ಮೇಲೆ ಮಾಡತಕ್ಕದ್ದೇನು ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಲಾ ವಿಭಾಗದ ವಿದ್ಯಾರ್ಥಿಗೆ ಇಂಜಿನಿಯರರ ವಿಷಯವೇಕೆ ಎಂದು ಕೆಲವರು ಕೇಳಬಹುದು. ಅಂಗಡಿಯ ಗೋಡೆ ಬಿರುಕು ಬಿಟ್ಟಾಗ ಅದನ್ನು ಮೊದಲು ನೋಡುವವನು ಇಂಜಿನಿಯರನಲ್ಲ. ಪ್ರತಿದಿನ ಬೆಳಗ್ಗೆ ಷಟರನ್ನು ಎತ್ತುವ ಅಂಗಡಿಯವನು. ನಾಳೆ ನಮ್ಮಲ್ಲಿ ಕೆಲವರು ಅಂಗಡಿ ಇಡುವವರು, ಕೆಲವರು ಅಂಗಡಿಗಳನ್ನು ಬಾಡಿಗೆಗೆ ಕೊಡುವವರು, ಇನ್ನು ಕೆಲವರು ಪುರಸಭೆಯ ಕಚೇರಿಯಲ್ಲಿ ಕುಳಿತು 'ಕಟ್ಟಡ ಶಿಥಿಲವಾಗಿದೆ' ಎಂಬ ಅರ್ಜಿಯ ಮೇಲೆ ಷರಾ ಬರೆಯುವವರು. ಆದುದರಿಂದ ಈ ವಿಷಯದ ಮೊದಲ ಪಾಠವಾದರೂ ನಮಗೆ ತಿಳಿದಿರಬೇಕು. ಆ ಪಾಠವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಕಾರಣವನ್ನು ತಿಳಿಯದೆ ಬಿರುಕನ್ನು ಮುಚ್ಚಬಾರದು.

ನೆಲದ ಸ್ವಭಾವ

ಕಟ್ಟಡದ ಭಾರವನ್ನು ನೆಲವು ತಾಳುವಷ್ಟು ಅಗಲವಾಗಿ ಹರಡಿ, ಗಟ್ಟಿಯಾದ ಪದರಕ್ಕೆ ಒಪ್ಪಿಸುವುದು ಬುನಾದಿಯ ಕೆಲಸ. ಭಾರ ಬಿದ್ದ ಮೇಲೆ ಪ್ರತಿಯೊಂದು ಕಟ್ಟಡವೂ ಸ್ವಲ್ಪ ಇಳಿಯುತ್ತದೆ. ಇಡೀ ಕಟ್ಟಡ ಒಂದೇ ಸಮನಾಗಿ ಇಳಿದರೆ ಗೋಡೆಗಳಿಗೆ ಅಷ್ಟೇನೂ ಅಪಾಯವಿಲ್ಲ. ಒಂದು ಕಂಬ ಇಳಿದು ಪಕ್ಕದ ಕಂಬ ಇಳಿಯದಿದ್ದಾಗಲೇ ತೊಂದರೆ. ಸ್ಕೆಂಪ್ಟನ್ ಮತ್ತು ಮೆಕ್‌ಡೊನಾಲ್ಡ್ ಎಂಬ ವಿದ್ವಾಂಸರು 98 ಕಟ್ಟಡಗಳ ವಿವರಗಳನ್ನು ಹೋಲಿಸಿ 1956ರಲ್ಲಿ ಒಂದು ಅಳತೆಯನ್ನು ಮುಂದಿಟ್ಟರು. ಎರಡು ಕಂಬಗಳ ಇಳಿತದ ವ್ಯತ್ಯಾಸವು ಅವುಗಳ ನಡುವಣ ದೂರದ ಮುನ್ನೂರನೆಯ ಒಂದು ಪಾಲನ್ನು ಮುಟ್ಟಿದರೆ ಗೋಡೆ ಬಿರುಕು ಬಿಡಬಹುದು. ನೂರೈವತ್ತನೆಯ ಒಂದು ಪಾಲನ್ನು ಮುಟ್ಟಿದರೆ ಕಂಬ ತೊಲೆಗಳಿಗೇ ಪೆಟ್ಟಾಗಬಹುದು. ಹತ್ತು ಅಡಿ ಅಗಲದ ಅಂಗಡಿಗೆ ಈ ಲೆಕ್ಕವನ್ನು ಹಚ್ಚಿ ನೋಡಿ. ಸುಮಾರು 10 ಮಿಲಿಮೀಟರ್ ವ್ಯತ್ಯಾಸಕ್ಕೆ ಗೋಡೆ ಸೀಳುತ್ತದೆ. 20 ಮಿಲಿಮೀಟರಿಗೆ ಕಂಬವೇ ನರಳುತ್ತದೆ. ಒಂದು ಕಿರುಬೆರಳಿನ ದಪ್ಪದಷ್ಟು ಇಳಿತಕ್ಕೆ ಇಷ್ಟು ಫಲವುಂಟೆಂದರೆ ನೆಲದ ವಿಚಾರ ಎಷ್ಟು ಸೂಕ್ಷ್ಮವೆಂಬುದು ವೇದ್ಯವಾಗುತ್ತದೆ.

ನಮ್ಮ ಉತ್ತರದ ಜಿಲ್ಲೆಗಳ ನೆಲವಂತೂ ಇದ್ದಲ್ಲಿ ಇರುವ ನೆಲವಲ್ಲ. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ ಮತ್ತು ಧಾರವಾಡದ ಬಯಲು ಸೀಮೆಗಳಲ್ಲಿ ಹರಡಿರುವ ಎರೆಮಣ್ಣಿನ ಗುಣವನ್ನು ಅಲ್ಲಿನ ರೈತರು ಚೆನ್ನಾಗಿ ಬಲ್ಲರು. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಗೊಡದ ಆ ಮಣ್ಣೇ ಬೇಸಗೆಯಲ್ಲಿ ಬಾಯಿ ಬಿಟ್ಟು ಒಡೆಯುತ್ತದೆ. ಇದಕ್ಕೆ ಮುಖ್ಯ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ. ಇದರ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುತ್ತವೆ. ನೀರು ಆ ಪದರಗಳ ನಡುವೆ ಹೊಕ್ಕಾಗ ಮಣ್ಣು ಉಬ್ಬುತ್ತದೆ. ನೀರು ಆರಿದಾಗ ಕುಗ್ಗುತ್ತದೆ. ಹೊಲದಲ್ಲಿ ನಡೆಯುವ ಈ ಕ್ರಿಯೆ ಅಂಗಡಿಯ ಕೆಳಗೂ ನಡೆಯುತ್ತದೆ. ಆದರೆ ಕಟ್ಟಡದ ನಡುಭಾಗದ ಮಣ್ಣು ಬಿಸಿಲು ಮಳೆ ಕಾಣದೆ ಹೆಚ್ಚುಕಡಮೆ ಒಂದೇ ತೇವದಲ್ಲಿರುತ್ತದೆ. ಹೊರ ಅಂಚಿನ ಮಣ್ಣು ಮಾತ್ರ ಬೇಸಗೆಗೆ ಕುಗ್ಗಿ ಮಳೆಗೆ ಉಬ್ಬುತ್ತದೆ. ಆದ್ದರಿಂದ ಹೊರಗೋಡೆ ವರ್ಷಕ್ಕೊಮ್ಮೆ ಇಳಿದು ಏರುತ್ತದೆ, ಒಳಗೋಡೆ ಅಲುಗುವುದಿಲ್ಲ. ಬಿರುಕು ಹುಟ್ಟುವುದು ಇವೆರಡರ ಜಗ್ಗಾಟದಲ್ಲಿ.

ಹಿಂದಿನವರಿಗೆ ಈ ಎಚ್ಚರವಿತ್ತು. 1656ರಲ್ಲಿ ಮುಗಿದ ವಿಜಯಪುರದ ಗೋಲಗುಮ್ಮಟದ ಬುನಾದಿಯನ್ನು ಅವರು ಮೇಲಿನ ಮಣ್ಣಿನ ಮೇಲೆ ಇಡದೆ ಬಂಡೆಗೇ ತಲುಪಿಸಿದರು. ಇಂದು ಆಳವಾದ ಎರೆಮಣ್ಣಿನಲ್ಲಿ ಹೊಸ ಕಟ್ಟಡಕ್ಕೆ, ತುದಿಯಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಕನಿಷ್ಠ ಮೂರೂವರೆ ಮೀಟರ್ ಆಳಕ್ಕೆ ಇಳಿಸುವ ಪದ್ಧತಿಯಿದೆ. ಗಡ್ಡೆಯ ಅಗಲ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು. ಋತುಮಾನಕ್ಕೆ ಅಲುಗದ ಪದರದಲ್ಲಿ ಬೇರೂರಿ ನಿಲ್ಲುವುದು ಇದರ ತತ್ತ್ವ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಬೆಳೆಸಿತು. ಆದರೆ ಪೇಟೆಯ ಹಳೆಯ ಅಂಗಡಿ ಸಾಲುಗಳು ಮೂರು ನಾಲ್ಕು ಅಡಿ ಆಳದ ಕಲ್ಲಿನ ಪಾಯದ ಮೇಲೆ ನಿಂತಿರುವುದೇ ಹೆಚ್ಚು.

ಎರೆಮಣ್ಣಲ್ಲದೆ ಹಳೆಯ ಊರುಗಳಲ್ಲಿ ಇನ್ನೊಂದು ತೊಡಕುಂಟು. ಜೋಳವನ್ನು ಕೂಡಿಡಲು ನೆಲದೊಳಗೆ ತೋಡುತ್ತಿದ್ದ ಹಗೇವುಗಳು ಕಾಲಕ್ರಮದಲ್ಲಿ ಕಸ, ಬೂದಿ, ಹೆಂಟೆಗಳಿಂದ ತುಂಬಿ ಮರೆತುಹೋದುವು. ಅವುಗಳ ಮೇಲೆಯೇ ಮನೆಗಳೂ ಅಂಗಡಿಗಳೂ ಎದ್ದುವು. ಗದಗ ಜಿಲ್ಲೆಯ ನರಗುಂದದಲ್ಲಿ 2019ರಿಂದೀಚೆಗೆ ಹಳೆಯ ಓಣಿಗಳ ಮನೆಗಳೊಳಗೆ ನೆಲ ಕುಸಿದು ಗುಂಡಿ ಬಿದ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಹಳೆಯ ಹಗೇವುಗಳನ್ನೂ ಮೇಲೇರಿದ ಅಂತರ್ಜಲವನ್ನೂ ಅದಕ್ಕೆ ಕಾರಣವೆಂದು ಹೇಳಲಾಯಿತು. ತುಂಬಿದ ಮಣ್ಣು ಒಣಗಿರುವ ತನಕ ಸುಮ್ಮನಿರುತ್ತದೆ; ನೀರು ಸೋಕಿದಾಗ ಕುಸಿಯುತ್ತದೆ.

ವ್ಯಾಪಾರದ ಕಟ್ಟಡದ ವಿಶೇಷ

ವಾಸದ ಮನೆಗೂ ವ್ಯಾಪಾರದ ಕಟ್ಟಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಮನೆಯ ಭಾರ ಬಹುಮಟ್ಟಿಗೆ ಒಂದೇ ರೀತಿಯಾಗಿರುತ್ತದೆ. ಅಂಗಡಿಯ ಭಾರ ಬಾಡಿಗೆದಾರನೊಡನೆ ಬದಲಾಗುತ್ತದೆ. ನಿನ್ನೆ ಬಟ್ಟೆ ಹೊಲಿಯುವವರಿದ್ದ ಕೋಣೆಯಲ್ಲಿ ಇಂದು ಸಿಮೆಂಟಿನ ದಾಸ್ತಾನು ಬರುತ್ತದೆ. 50 ಕಿಲೋಗ್ರಾಮಿನ 300 ಚೀಲಗಳೆಂದರೆ 15 ಟನ್ ಆಯಿತು. ಷಟರನ್ನು ಅಗಲ ಮಾಡಲು ನಡುಗೋಡೆಯನ್ನು ಕಡಿಯುತ್ತಾರೆ. ಮೇಲೆ ಇನ್ನೊಂದು ಮಹಡಿ ಏರಿಸುತ್ತಾರೆ. ಪಕ್ಕದ ನಿವೇಶನದವರು ನೆಲಮಾಳಿಗೆಗೆಂದು ನಮ್ಮ ಪಾಯಕ್ಕಿಂತ ಆಳವಾಗಿ ಅಗೆಯುತ್ತಾರೆ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಎತ್ತರವಾಗುತ್ತದೆ. ರಸ್ತೆಯ ನೀರು ಅಂಗಡಿಯ ಬುಡಕ್ಕೆ ಬಂದು ನಿಲ್ಲುತ್ತದೆ.

ಭಾರದ ವಿಷಯದಲ್ಲಿ ಕೆನಡಾ ದೇಶದ ಒಂದು ಉದಾಹರಣೆ ಲೋಕಪ್ರಸಿದ್ಧವಾಗಿದೆ. ವಿನ್ನಿಪೆಗ್ ನಗರದ ಬಳಿ ಟ್ರಾನ್ಸ್‌ಕೋನಾ ಎಂಬಲ್ಲಿ ಹತ್ತು ಲಕ್ಷ ಬುಷೆಲ್ ಧಾನ್ಯ ಹಿಡಿಯುವ ಕಾಂಕ್ರೀಟ್ ಕಣಜವನ್ನು ಕಟ್ಟಿದ್ದರು. ಕಣಜದ ತೂಕವೇ ಸುಮಾರು 20,000 ಟನ್. ಮೊದಲ ಸಲ ಧಾನ್ಯ ತುಂಬುತ್ತಿದ್ದಾಗ, 1913ರ ಅಕ್ಟೋಬರ್ 18ರಂದು, ಅದು ಇಳಿಯತೊಡಗಿತು. ಒಂದು ದಿನದೊಳಗೆ ಸುಮಾರು 27 ಡಿಗ್ರಿ ವಾಲಿ ನಿಂತಿತು. ಮೇಲಿನ ಪದರದ ಜೇಡಿ ಗಟ್ಟಿಯಾಗಿತ್ತು. ಅದರ ಕೆಳಗಿನ ಜೇಡಿ ಮೆತ್ತಗಿತ್ತು. ಪರೀಕ್ಷೆ ಮಾಡಿದವರು ಮೇಲಿನದನ್ನಷ್ಟೇ ನೋಡಿದ್ದರು. ಆಶ್ಚರ್ಯವೆಂದರೆ ಕಣಜ ಒಡೆಯಲಿಲ್ಲ. ಧಾನ್ಯವನ್ನು ತೆಗೆದು, ಅಡಿಯಲ್ಲಿ ಬಂಡೆಯ ತನಕ ಕಂಬಗಳನ್ನು ಕಟ್ಟಿ, ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿದರು. ಕಟ್ಟಡ ಎಷ್ಟೇ ಗಟ್ಟಿಯಾಗಿರಲಿ, ನೆಲ ಒಪ್ಪದಿದ್ದರೆ ಅದು ನಿಲ್ಲದು. ನೆಲದ ದೋಷವನ್ನು ಸರಿಯಾಗಿ ಅರಿತರೆ ಬಿದ್ದಂತೆ ಕಂಡ ಕಟ್ಟಡವನ್ನೂ ಉಳಿಸಬಹುದು. ಈ ಎರಡು ಪಾಠಗಳೂ ಅಲ್ಲಿ ಒಟ್ಟಿಗೆ ದೊರೆಯುತ್ತವೆ.

ಬಿರುಕನ್ನು ಓದುವ ಬಗೆ

ಎಲ್ಲ ಬಿರುಕುಗಳೂ ಬುನಾದಿಯಿಂದ ಬಂದವಲ್ಲ. ಗಿಲಾವಿನ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳು ಗಾರೆ ಬೇಗ ಒಣಗಿದುದರ ಗುರುತು. ಛಾವಣಿಯ ಕೆಳಗೆ ಅಡ್ಡಡ್ಡವಾಗಿ ಓಡುವ ಬಿರುಕು ಬಿಸಿಲಿಗೆ ಛಾವಣಿ ಹಿಗ್ಗಿದುದರಿಂದ ಬಂದುದು. ಕಂಬದ ಉದ್ದಕ್ಕೆ ಸರಳಿನ ಗುಂಟ ಬಿಡುವ ಬಿರುಕು ಒಳಗಿನ ಕಬ್ಬಿಣ ತುಕ್ಕು ಹಿಡಿದುದನ್ನು ಹೇಳುತ್ತದೆ. ಬುನಾದಿಯ ಬಿರುಕು ಸಾಮಾನ್ಯವಾಗಿ ಓರೆಯಾಗಿ ಹೋಗುತ್ತದೆ. ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬಾಗಿಲು ಕಿಟಕಿಗಳ ಮೂಲೆಯಿಂದ ಹೊರಡುತ್ತದೆ. ಗೋಡೆಯ ಎರಡು ಮುಖದಲ್ಲೂ ಕಾಣುತ್ತದೆ.

ಮುಖ್ಯವಾಗಿ ಗಮನಿಸತಕ್ಕದ್ದು ಬಿರುಕು ಎಲ್ಲಿ ಅಗಲವಾಗಿದೆ ಎಂಬುದನ್ನು. ಕಟ್ಟಡದ ತುದಿ ಇಳಿದರೆ ಬಿರುಕು ಮೇಲ್ಭಾಗದಲ್ಲಿ ಅಗಲವಾಗಿ ಕೆಳಕ್ಕೆ ಕಿರಿದಾಗುತ್ತದೆ. ನಡುಭಾಗ ಇಳಿದರೆ ಬುಡದಲ್ಲಿ ಅಗಲವಾಗಿ ಮೇಲಕ್ಕೆ ಕಿರಿದಾಗುತ್ತದೆ. ಎರಡು ಕಡೆಯ ಬಿರುಕುಗಳು ಸೇರಿ ಕಮಾನಿನ ಆಕಾರ ತಾಳುತ್ತವೆ. ಷಟರು ಹಳಿಯಲ್ಲಿ ಸಿಕ್ಕಿಕೊಳ್ಳುವುದು, ನೆಲದ ಫರಸಿ ಒಂದು ಕಡೆಗೆ ಇಳಿಜಾರಾಗುವುದು, ಗೋಡೆಗೂ ನೆಲಕ್ಕೂ ನಡುವೆ ಸಂದು ಬಿಡುವುದು, ಇವೂ ಸಾಕ್ಷಿಗಳೇ.

ಅಗಲವನ್ನು ಅಳೆಯಲು ಇಂಗ್ಲೆಂಡಿನ ಕಟ್ಟಡ ಸಂಶೋಧನಾ ಸಂಸ್ಥೆಯ ವರ್ಗೀಕರಣ ಬಹಳ ಉಪಯುಕ್ತವಾಗಿದೆ. 1 ಮಿಲಿಮೀಟರಿನ ತನಕದ್ದು ಬಣ್ಣ ಬಳಿಯುವವರ ಕೆಲಸ. 5 ಮಿಲಿಮೀಟರಿನ ತನಕದ್ದು ಅಲ್ಪ ಹಾನಿ. 5ರಿಂದ 15ರ ವರೆಗಿನದು ಮಧ್ಯಮ ಹಾನಿ. 15ರಿಂದ 25ರ ವರೆಗೆ ತೀವ್ರ ಹಾನಿ. 25ನ್ನು ಮೀರಿದರೆ ಕಟ್ಟಡದ ಭದ್ರತೆಯೇ ಸಂಶಯಾಸ್ಪದ. ಆದರೆ ಅಗಲಕ್ಕಿಂತ ಚಲನೆ ಮುಖ್ಯ. ಇಪ್ಪತ್ತು ವರ್ಷಗಳಿಂದ ಹಾಗೆಯೇ ಇರುವ ದೊಡ್ಡ ಬಿರುಕಿಗಿಂತ ತಿಂಗಳಿಂದ ತಿಂಗಳಿಗೆ ಬೆಳೆಯುವ ಸಣ್ಣ ಬಿರುಕು ಹೆಚ್ಚು ಕೆಟ್ಟದ್ದು. ಚಲನೆಯನ್ನು ತಿಳಿಯಲು ದುಬಾರಿಯ ಯಂತ್ರಗಳು ಬೇಕಾಗಿಲ್ಲ. ಬಿರುಕಿನ ಮೇಲೆ ಅಡ್ಡಲಾಗಿ ತೆಳುಗಾಜಿನ ತುಂಡೊಂದನ್ನು ಎರಡು ತುದಿಗಳಲ್ಲಿ ಗಟ್ಟಿಯಾಗಿ ಅಂಟಿಸಿ ತಾರೀಖು ಬರೆಯಬೇಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಬಿರುಕಿನ ಎರಡು ಪಕ್ಕಗಳಲ್ಲಿ ಮೊಳೆ ಹೊಡೆದು ನಡುವಣ ದೂರವನ್ನು ತಿಂಗಳಿಗೊಮ್ಮೆ ಅಳೆಯಬೇಕು. ಗೌಂಡಿಗಳ ಬಳಿಯಿರುವ ತೂಗುಗುಂಡಿನಿಂದ ವಾಲನ್ನೂ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟವನ್ನೂ ನೋಡಬಹುದು.

ಒಂದು ಅಂಗಡಿ ಸಾಲು

ಈ ಕ್ರಮವನ್ನು ಪ್ರತ್ಯಕ್ಷವಾಗಿ ನೋಡುವ ಅವಕಾಶ ನನಗೂ ಇಬ್ಬರು ಗೆಳೆಯರಿಗೂ ನಮ್ಮ ಭೂಗೋಳದ ಅಧ್ಯಾಪಕರ ಕೃಪೆಯಿಂದ ಒದಗಿತು. ಎರೆಸೀಮೆಯ ಒಂದು ತಾಲ್ಲೂಕು ಪೇಟೆಯಲ್ಲಿ ಒಂದೇ ಛಾವಣಿಯ ಕೆಳಗೆ ಹನ್ನೆರಡು ಅಂಗಡಿಗಳ ಸಾಲಿದೆ. ಕಿರಾಣಿ, ದರ್ಜಿ, ಬಳೆ, ಪಾತ್ರೆ, ಒಂದು ಚಹದ ಅಂಗಡಿ, ಹೀಗೆ ಹನ್ನೆರಡು ಸಂಸಾರಗಳ ಅನ್ನ ಅಲ್ಲಿದೆ. ಗೋಡೆಗಳು ಅಲ್ಲಲ್ಲಿ ಬಿರಿದಿದ್ದುವು. ಸಾಲನ್ನೆಲ್ಲ ಕೆಡವಿ ಹೊಸದಾಗಿ ಕಟ್ಟುವುದೇ ಲೇಸೆಂದು ಮಾಲಿಕರಿಗೆ ಯಾರೋ ಹೇಳಿದ್ದರು. ಖಾಲಿ ಮಾಡಿದರೆ ಮತ್ತೆ ಅದೇ ಬಾಡಿಗೆಗೆ ಜಾಗ ಸಿಕ್ಕುವ ಭರವಸೆ ಅಂಗಡಿಯವರಿಗೆ ಇರಲಿಲ್ಲ. ನಿವೃತ್ತರಾದ ಒಬ್ಬ ಇಂಜಿನಿಯರರು ಮಾಲಿಕರನ್ನು ಒಪ್ಪಿಸಿ ಒಂದು ವರ್ಷದ ಅವಧಿ ಕೇಳಿದರು. ಅಳತೆಯ ಕೆಲಸ ನಮ್ಮ ಪಾಲಿಗೆ ಬಂತು.

ಮೊದಲ ದಿನವೇ ತುದಿಯ ಅಂಗಡಿಯ ಹಿರಿಯರೊಬ್ಬರು ನನಗೆ ಹೇಳಿದರು: "ತಮ್ಮಾ, ಈ ಗ್ವಾಡಿ ಬ್ಯಾಸಗ್ಯಾಗ ಬಾಯಿ ತೆರೀತದ, ಮಳಿಗಾಲಕ್ಕ ಮುಚ್ಚತದ. ನಾವು ವರ್ಷಾ ಸಿಮೆಂಟ್ ತುಂಬತೀವಿ, ಮರುವರ್ಷ ಬಾಜೂಕ ಇನ್ನೊಂದು ಬಿರೀತದ." ಅವರ ಈ ನಾಲ್ಕು ಮಾತುಗಳಲ್ಲಿ ಎರೆಮಣ್ಣಿನ ಶಾಸ್ತ್ರವೆಲ್ಲ ಅಡಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಬೇಸಗೆಯಲ್ಲಿ ತೆರೆದ ಬಿರುಕಿಗೆ ಗಟ್ಟಿಯಾದ ಸಿಮೆಂಟನ್ನು ತುಂಬಿದರೆ, ಮಳೆಗಾಲದಲ್ಲಿ ಅದು ಮುಚ್ಚಿಕೊಳ್ಳಲು ಜಾಗವಿರುವುದಿಲ್ಲ. ಆಗ ಗೋಡೆ ಪಕ್ಕಕ್ಕೆ ತಳ್ಳಲ್ಪಟ್ಟು ಬೇರೊಂದು ಕಡೆ ಬಿರಿಯುತ್ತದೆ. ದುರಸ್ತಿಯೇ ಹೊಸ ಬಿರುಕಿಗೆ ತಾಯಿಯಾಗುತ್ತದೆ.

ಮಾರ್ಚಿಯಿಂದ ತಿಂಗಳಿಗೊಮ್ಮೆ ಅಳೆದೆವು. ಎರಡು ತುದಿಗಳ ಬಿರುಕುಗಳು ಮೇಲ್ಭಾಗದಲ್ಲಿ ಅಗಲವಾಗಿದ್ದುವು. ಮೇ ತಿಂಗಳ ತನಕ ತೆರೆದು, ಸೆಪ್ಟೆಂಬರಿನ ಮಳೆಯ ಅನಂತರ ಬಹುಪಾಲು ಕೂಡಿಕೊಂಡುವು. ಆದರೆ ಏಳನೆಯ ಮತ್ತು ಎಂಟನೆಯ ಅಂಗಡಿಗಳ ಕತೆ ಬೇರೆಯಾಗಿತ್ತು. ಅಲ್ಲಿಯ ಬಿರುಕುಗಳು ಬುಡದಲ್ಲಿ ಅಗಲವಾಗಿದ್ದು ಕಮಾನಿನಂತೆ ಬಾಗಿದ್ದುವು. ಬೇಸಗೆಯೆನ್ನದೆ ಮಳೆಗಾಲವೆನ್ನದೆ ಅವು ಬೆಳೆಯುತ್ತಲೇ ಹೋದುವು. ಅಂಟಿಸಿದ ಗಾಜು ಎರಡು ಸಲ ಒಡೆಯಿತು. ಋತುವನ್ನು ಲೆಕ್ಕಿಸದ ಬಿರುಕಿಗೆ ಋತುವಲ್ಲದ ಕಾರಣವಿರಲೇಬೇಕೆಂದು ಇಂಜಿನಿಯರರು ಹೇಳಿ, ಹಿಂದುಗಡೆ ಪಾಯದ ಪಕ್ಕದಲ್ಲಿ ಒಂದು ಪರೀಕ್ಷೆಯ ಗುಂಡಿ ತೋಡಿಸಿದರು. ನಾಲ್ಕು ಅಡಿಗೆ ಪಾಯ ಮುಗಿಯಿತು. ಅದರ ಕೆಳಗೆ ಎರೆಮಣ್ಣೂ ಇರಲಿಲ್ಲ, ಗರಸೂ ಇರಲಿಲ್ಲ. ಬೂದಿ, ಬೋಕಿ ಚೂರು, ಒದ್ದೆಯಾದ ಸಡಿಲು ಮಣ್ಣು. ಅದೊಂದು ಹಳೆಯ ಹಗೇವು. ಚಹದ ಅಂಗಡಿಯ ತೊಳೆನೀರಿನ ಕೊಳವೆ ನೆಲದೊಳಗೆ ಒಡೆದು, ಆ ನೀರು ದಿನವೂ ಅಲ್ಲಿಗೇ ಇಂಗುತ್ತಿತ್ತು.

ಹೀಗೆ ಒಂದೇ ಸಾಲಿನಲ್ಲಿ ಎರಡು ಬೇರೆ ಬೇರೆ ರೋಗಗಳಿದ್ದುವು. ಹತ್ತು ಅಂಗಡಿಗಳಿಗೆ ಬೇಕಾದದ್ದು ನೀರಿನ ವ್ಯವಸ್ಥೆ ಮಾತ್ರ; ನಿಜವಾದ ಅಪಾಯವಿದ್ದುದು ಎರಡಕ್ಕೆ. ಆ ಎರಡನ್ನು ಅದೇ ವಾರ ಖಾಲಿ ಮಾಡಿಸಿ ಛಾವಣಿಗೆ ಊರೆ ಕೊಟ್ಟರು. ಉಳಿದವರು ಅಂಗಡಿ ಮುಚ್ಚುವ ಪ್ರಮೇಯ ಬರಲಿಲ್ಲ.

ದುರಸ್ತಿಯ ಕ್ರಮ

ದುರಸ್ತಿಯಲ್ಲಿ ಮೊದಲನೆಯದು ನೀರು. ಒಡೆದ ಕೊಳವೆಗಳನ್ನು ಸರಿಪಡಿಸಬೇಕು. ಛಾವಣಿಯ ನೀರನ್ನು ಗೋಡೆಯ ಬುಡಕ್ಕೆ ಬಿಡದೆ ಚರಂಡಿಗೆ ಮುಟ್ಟಿಸಬೇಕು. ಗೋಡೆಯ ಸುತ್ತ ನಾಲ್ಕೈದು ಅಡಿ ಅಗಲಕ್ಕೆ ಹೊರಮುಖವಾಗಿ ಇಳಿಜಾರಿರುವ ಕಾಂಕ್ರೀಟ್ ಪಟ್ಟಿಯನ್ನು ಹಾಸಬೇಕು. ಎರೆಮಣ್ಣಿನಲ್ಲಿ ಇದರ ಉದ್ದೇಶ ಮಣ್ಣನ್ನು ಒಣಗಿಸುವುದಲ್ಲ, ಅದರ ತೇವವನ್ನು ವರ್ಷವಿಡೀ ಒಂದೇ ಸಮನಾಗಿ ಇರಿಸುವುದು. ಗೋಡೆಯ ಹತ್ತಿರವಿರುವ ದೊಡ್ಡ ಮರವನ್ನು ಆತುರದಿಂದ ಕಡಿಯುವುದೂ ತರವಲ್ಲ. ಬೇರುಗಳು ನೀರು ಹೀರುವುದು ನಿಂತರೆ ಒಣಗಿದ ಮಣ್ಣು ಮತ್ತೆ ಉಬ್ಬಿ ಕಟ್ಟಡವನ್ನು ಎತ್ತಬಹುದು. ನಾವು ಕಂಡ ಸಾಲಿನ ತುದಿಗಳಿಗೆ ಇಂತಹ ಪಟ್ಟಿಯೂ ನೀರಿನ ಕೊಳವೆಗಳೂ ಸಾಕಾದುವು.

ಎರಡನೆಯದು, ಇರುವ ಪಾಯದ ಅಡಿಯಲ್ಲಿ ಹೊಸ ಪಾಯವನ್ನು ಕಟ್ಟುವುದು. ಇದು ಅನುಭವಿಗಳ ಮೇಲ್ವಿಚಾರಣೆಯಿಲ್ಲದೆ ಕೈಹಾಕತಕ್ಕ ಕೆಲಸವಲ್ಲ. ಗೋಡೆಯ ಉದ್ದವನ್ನು ಮೂರು ನಾಲ್ಕು ಅಡಿಯ ತುಂಡುಗಳಾಗಿ ಗುರುತು ಮಾಡಿ, ಒಂದರ ಪಕ್ಕದ್ದನ್ನು ಎಂದೂ ಒಟ್ಟಿಗೆ ತೆರೆಯದೆ, ಬಿಟ್ಟು ಬಿಟ್ಟು ಅಗೆಯುತ್ತಾರೆ. ಗೋಡೆಯ ಕಾಲು ಭಾಗಕ್ಕಿಂತ ಹೆಚ್ಚು ಒಮ್ಮೆಗೆ ತೆರೆದಿರಬಾರದು. ಗಟ್ಟಿ ಪದರ ಸಿಕ್ಕಿದ ಮೇಲೆ ಕಾಂಕ್ರೀಟ್ ತುಂಬಿ, ಹಳೆಯ ಪಾಯಕ್ಕೆ ಎರಡು ಮೂರು ಅಂಗುಲ ಕೆಳಗೆ ನಿಲ್ಲಿಸುತ್ತಾರೆ. ಕಾಂಕ್ರೀಟ್ ಗಟ್ಟಿಯಾಗುವಾಗ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಆ ಸಂದನ್ನು ಆಮೇಲೆ ಕಡಮೆ ನೀರಿನ ಗಟ್ಟಿ ಗಾರೆಯಿಂದ ಬಡಿದು ಬಡಿದು ತುಂಬುತ್ತಾರೆ. ಈ ಕೊನೆಯ ಕೆಲಸವನ್ನು ಅಲಕ್ಷ್ಯ ಮಾಡಿದರೆ ಹೊಸ ಪಾಯ ಇದ್ದೂ ಇಲ್ಲದಂತೆ. ಏಳು ಎಂಟನೆಯ ಅಂಗಡಿಗಳಲ್ಲಿ ಒಂಬತ್ತು ಅಡಿಗೆ ಗರಸು ಸಿಕ್ಕಿತು. ಈ ಕ್ರಮದಿಂದಲೇ ಪಾಯವನ್ನು ಅಲ್ಲಿಗೆ ಇಳಿಸಿದರು.

ಗಟ್ಟಿ ಪದರ ಬಹಳ ಆಳದಲ್ಲಿದ್ದರೆ ಕಿರುಗಂಬಗಳ ಪದ್ಧತಿಯಿದೆ. ಇಟಲಿಯ ಫೆರ್ನಾಂಡೊ ಲಿಟ್ಸಿ ಎಂಬ ಇಂಜಿನಿಯರರು 1950ರ ದಶಕದ ಆರಂಭದಲ್ಲಿ ಹಳೆಯ ಕಟ್ಟಡಗಳಿಗಾಗಿ ಇದನ್ನು ಕಂಡುಹಿಡಿದರು. 300 ಮಿಲಿಮೀಟರಿಗಿಂತ ಕಿರಿದಾದ ರಂಧ್ರವನ್ನು ಸಣ್ಣ ಯಂತ್ರದಿಂದ ಕೊರೆದು, ಕಬ್ಬಿಣವನ್ನಿಟ್ಟು, ಸಿಮೆಂಟಿನ ತಿಳಿಗಾರೆಯನ್ನು ತುಂಬುತ್ತಾರೆ. ತಗ್ಗು ಛಾವಣಿಯ ಅಂಗಡಿಯೊಳಗೂ ಈ ಯಂತ್ರ ನಿಲ್ಲಬಲ್ಲದು. ಇನ್ನು, ನೆಲದೊಳಗೆ ಸಿಮೆಂಟಿನ ನೀರನ್ನು ಒತ್ತಿದರೆ ಎಲ್ಲವೂ ಸರಿಯಾಗುವುದೆಂಬ ನಂಬಿಕೆ ಕೆಲವರಲ್ಲಿದೆ. ಮರಳು ನೆಲದಲ್ಲಿ ಅದು ಹರಡಿಕೊಳ್ಳುತ್ತದೆ. ಜೇಡಿಯ ಸೂಕ್ಷ್ಮ ರಂಧ್ರಗಳಲ್ಲಿ ಅದು ಹೊಗುವುದೇ ಇಲ್ಲ.

ಗೋಡೆಯ ಬಿರುಕನ್ನು ಮುಚ್ಚುವ ಕೆಲಸ ಎಲ್ಲಕ್ಕಿಂತ ಕೊನೆಯದು. ಚಲನೆ ನಿಂತಿತೆಂದು ಒಂದು ಬೇಸಗೆ ಒಂದು ಮಳೆಗಾಲದ ಅಳತೆಗಳಿಂದ ಖಚಿತವಾದ ಮೇಲೆ ಮಾತ್ರ ಅದನ್ನು ಹೊಲಿದು ಗಿಲಾವು ಮಾಡಬೇಕು.

ಕಾಯಬಾರದ ಸಂದರ್ಭಗಳೂ ಉಂಟು. ಕಂಬ ಅಥವಾ ತೊಲೆಯೇ ಸೀಳಿದರೆ, ಕಂಬದ ಕಾಂಕ್ರೀಟ್ ಸಿಡಿದು ಉದುರಿದರೆ, ಕೆಲವೇ ದಿನಗಳಲ್ಲಿ ಹಲವು ಷಟರುಗಳು ಸಿಕ್ಕಿಕೊಂಡರೆ, ಬಿರುಕು ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಂತೆ ಬೆಳೆದರೆ, ಅಳತೆ ಲೆಕ್ಕಾಚಾರಗಳನ್ನು ಬದಿಗಿಟ್ಟು ಜನರನ್ನು ಹೊರಗೆ ಕಳುಹಿಸಬೇಕು, ಇಂಜಿನಿಯರರನ್ನು ಕರೆಯಬೇಕು. ಸರಕು ಹಾಳಾದರೆ ಮತ್ತೆ ತರಬಹುದು.

ಬಿರುಕಿನ ವಿಷಯದಲ್ಲಿ ಮಾಲಿಕನಿಗೂ ಬಾಡಿಗೆದಾರನಿಗೂ ಬರುವ ಜಗಳವನ್ನು ನಾವು ಎಲ್ಲ ಊರುಗಳಲ್ಲೂ ನೋಡುತ್ತೇವೆ. ಒಬ್ಬನು ಏನೂ ಆಗಿಲ್ಲವೆನ್ನುತ್ತಾನೆ, ಇನ್ನೊಬ್ಬನು ಎಲ್ಲವೂ ಬೀಳುತ್ತಿದೆಯೆನ್ನುತ್ತಾನೆ. ಇಬ್ಬರ ಬಳಿಯಲ್ಲೂ ಅಳತೆಯಿರುವುದಿಲ್ಲ. ಅದರ ಮೇಲೆ ಸುಣ್ಣ ಬಳಿದಾಗ ಇದ್ದೊಂದು ಸಾಕ್ಷಿಯೂ ಅಳಿಸಿಹೋಗುತ್ತದೆ. ಅಂಗೈಯಗಲದ ಗಾಜಿನ ತುಂಡು, ಎರಡು ಮೊಳೆ, ತಾರೀಖು ಬರೆಯಲು ಒಂದು ಪೆನ್ಸಿಲು, ಇಷ್ಟರಿಂದ ಆ ಜಗಳದ ಅರ್ಧ ಭಾಗ ತೀರುತ್ತದೆ. ಮಿಕ್ಕ ಅರ್ಧವನ್ನು ತೀರಿಸಲು ಬಲ್ಲವರಿದ್ದಾರೆ. ಆದರೆ ಆ ಬಲ್ಲವರಿಗೂ ಮೊದಲು ಬೇಕಾದದ್ದು ಈ ತಾರೀಖುಗಳೇ. ನಮ್ಮ ಕಾಲೇಜಿನಿಂದ ಪೇಟೆಗೆ ಹೋಗುವ ದಾರಿಯಲ್ಲಿ ಬಿರುಕು ಬಿಟ್ಟ ಗೋಡೆಗಳಿಗೆ ಕೊರತೆಯಿಲ್ಲ. ರಜೆಯ ದಿನಗಳಲ್ಲಿ ಇಬ್ಬರು ಮೂವರು ಸೇರಿ, ಅಂಗಡಿಯವರ ಅಪ್ಪಣೆ ಪಡೆದು, ಒಂದೊಂದು ಗೋಡೆಯನ್ನು ವರ್ಷವಿಡೀ ಅಳೆಯುವವರು ನಮ್ಮಲ್ಲಿ ಇನ್ನೂ ಕೆಲವರು ಹುಟ್ಟಲಿ ಎಂಬುದು ನನ್ನ ಆಸೆ.